ಕೊಸ್ವಾರನ ತಲೆ

ಎಲ್ಲಕ್ಕೂ ಮೂಲ ಪಕ್ಕದ ಮನೆಯ ಒನೆಂಗಮ್ಮ. ಅವತ್ತು ಬೆಳಿಗ್ಗೆ ಗಲ್ಲಿಯ ಗೋಡೆಯ ಮೇಲಿದ್ದ ಪೋಸ್ಟರಿನ ಮುಂದೆ ನಿಂತು, ಕನ್ನಡಕವನ್ನು ಏರಿಸಿ ಇಳಿಸಿ ನೋಡಿ, "ಇದ್ಯಾರಪ್ಪ ಈ ಮುದುಕ?" ಎಂದರು.

ಅಲ್ಲೇ ನಿಂತಿದ್ದ ಕೊಸ್ವಾರನ ಮುಖ ಸಣ್ಣಗಾಯಿತು. "ನಾನೇ, ಒನೆಂಗಮ್ಮ."

"ಅಯ್ಯೋ, ನೀನಾ! ನಿನ್ನ ಮುಖಾನ ಫೋಟೋದಲ್ಲಿ ನೋಡಿದ್ದೇ ಇಲ್ವಲ್ಲೋ, ಗೊತ್ತಾಗ್ಲಿಲ್ಲ."

ಆ ಮಾತೂ ಸುಳ್ಳಲ್ಲ. ನಮ್ಮ ಬಾಂಡುಂಗ್‌ನಲ್ಲಿ ಇಪ್ಪತ್ತು ವರ್ಷದಿಂದ ಕೊಸ್ವಾರ ಬೇಸ್ ಗಿಟಾರ್ ನುಡಿಸದ ಮದುವೆಯಿಲ್ಲ, ಹೋಟೆಲಿಲ್ಲ. ಆದರೆ ಯಾವ ಫೋಟೋ ತೆಗೆದು ನೋಡಿದರೂ ಗಾಯಕಿಯ ಕಿವಿಯೋಲೆಯ ಹಿಂದೆ ಅವನ ಅರ್ಧ ಮೊಣಕೈ ಕಂಡರೆ ಹೆಚ್ಚು. ಅವತ್ತು ಮೊದಲ ಬಾರಿಗೆ ಅವನು ಮುಂದೆ ನಿಲ್ಲುವವನಿದ್ದ. ದಾಗೋ ಗುಡ್ಡದ ಮೇಲಿನ ಕೆಫೆಯಲ್ಲಿ, ಅವನದೇ ತಂಡ, ಅವನೇ ಕಟ್ಟಿದ ರಾಗ: "ಏರುದಾರಿಯ ವ್ಯಾನು". ಅದರ ನಡುವೆ ಎರಡು ನಿಮಿಷ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು, ಬೇಸ್ ಒಂದೇ ಮಾತಾಡಬೇಕು. ಆ ಎರಡು ನಿಮಿಷಕ್ಕಾಗಿಯೇ ಅವನು ಇಪ್ಪತ್ತು ವರ್ಷ ಕಾದದ್ದು. ಅದನ್ನು ಕೇಳಿ, ತಂಡವನ್ನು ದೊಡ್ಡ ಜಾಝ್ ಉತ್ಸವಕ್ಕೆ ಆರಿಸಲು ಜಕಾರ್ತದಿಂದ ರೆತ್ನೊ ಮೇಡಂ ಬರುವವರಿದ್ದರು.

"ಸಂಜೆ ನನ್ನ ಸೋಲೋ ಇದೆ ಒನೆಂಗಮ್ಮ, ಬನ್ನಿ."

"ಸೋಲೋ ಊರಿಗೆ ಹೋಗ್ತಿದ್ದೀಯಾ? ಬರ್ತಾ ನಂಗೊಂದು ಬಾತಿಕ್ ಬಟ್ಟೆ ತಾ."

"ಊರಲ್ಲ ಒನೆಂಗಮ್ಮ! ಒಬ್ಬನೇ ನುಡಿಸೋದು."

"ಯಾಕೆ, ಉಳಿದೋರು ಬಿಟ್ಟುಹೋದ್ರಾ? ಹೋಗ್ಲಿ ಬಿಡು. ಒಬ್ಬನೇ ಮುಂದೆ ನಿಲ್ತೀಯ ಅಂದ್ರೆ ಈ ನರೆತ ತಲೆ ಇಟ್ಕೊಂಡು ನಿಲ್ತೀಯಾ? ಬಾ ಇಲ್ಲಿ, ಕೂತ್ಕೋ."

ಬೇಡ ಅನ್ನಲು ಕೊಸ್ವಾರ ಹೆಂಡತಿಯ ಕಡೆ ನೋಡಿದ. ಹೆಂಡತಿ ಇಮಾಸ್ ಆಗಲೇ ಮಣೆ ತಂದು ಹಾಕಿದ್ದಳು. ಒನೆಂಗಮ್ಮ ಒಳಗಿಂದ ಒಂದು ಬಟ್ಟಲು ಕಪ್ಪು ಲೇಪ ತಂದು ತಲೆಗೆ ಮೆತ್ತಿದರು, ನೆಲ ಸಾರಿಸಿದ ಹಾಗೆ.

"ನಮ್ಮಜ್ಜಿ ಕಾಲದ್ದು. ಕೆಮಿರಿ ಕಾಯಿ ಸುಟ್ಟು ಎಣ್ಣೆ ಮಾಡಿದ್ದು. ಲೋಳೆಸರ ಹಾಕ್ಬೇಕಿತ್ತು, ಸಿಗ್ಲಿಲ್ಲ. ಅದಕ್ಕೆ ಕೆಸುವಿನ ದಂಟು ಅರೆದು ಹಾಕಿದೀನಿ. ಅದೂ ಹಸಿರು, ಇದೂ ಹಸಿರು. ಅದೂ ಲೋಳೆ, ಇದೂ ಲೋಳೆ."

ಕೆಸು ಎಂದರೆ ಏನೆಂದು ಅಡುಗೆ ಮಾಡುವವರಿಗೆ ಗೊತ್ತು. ಕೊಸ್ವಾರ ಅಡುಗೆ ಮಾಡುವವನಲ್ಲ. ಕನ್ನಡಿಯಲ್ಲಿ ಕಾಗೆಯಂಥ ಕರಿತಲೆ ಕಂಡು ಹಿಗ್ಗಿ, ಗಿಟಾರ್ ಹೆಗಲಿಗೇರಿಸಿ ಹೊರಟ.

ಕೆಫೆಯಲ್ಲಿ ಅಭ್ಯಾಸ ಶುರುವಾಗುವ ಮೊದಲೇ ಜಗಳ. ಈ ಜಾಝ್ ಮಂದಿ ಮೂಲ ರಾಗಕ್ಕೆ "ತಲೆ" ಅನ್ನುತ್ತಾರೆ. ಎಲ್ಲರೂ ಸೇರಿ ಒಮ್ಮೆ ತಲೆ ನುಡಿಸುವುದು, ಆಮೇಲೆ ಒಬ್ಬೊಬ್ಬರೇ ಮನಸ್ಸು ಬಂದಲ್ಲಿ ಅಲೆದಾಡುವುದು. ನಾಯಕನಾದವನು ತನ್ನ ತಲೆ ಮುಟ್ಟಿ ತೋರಿಸಿದ ಕೂಡಲೇ ಎಲ್ಲರೂ ಮತ್ತೆ ತಲೆಗೆ ಮರಳಬೇಕು. ಆದರೆ ಸ್ಯಾಕ್ಸೊಫೋನಿನ ರುಸ್ತಂದಿ ಒಮ್ಮೆ ಅಲೆಯಲು ಹೊರಟನೆಂದರೆ ಮುಗಿಯಿತು, ಯಾರು ತಲೆ ಮುಟ್ಟಿದರೂ ಮನೆಗೆ ಬರುವ ಜಾಯಮಾನದವನಲ್ಲ. ಡ್ರಮ್ಮಿನ ದುದುಂಗ್ ಕಣ್ಣು ಮುಚ್ಚಿಕೊಂಡೇ ಬಾರಿಸುವವನು.

ಕೊಸ್ವಾರ ಗುಡುಗಿದ: "ನೋಡ್ರಪ್ಪಾ, ಇವತ್ತು ನಾಯಕ ನಾನು. ನನ್ನ ಕೈ ತಲೆ ಮೇಲೆ ಹೋಯ್ತೋ, ಎಲ್ಲಿದ್ರೂ ವಾಪಸ್ ಬರ್ಬೇಕು. ಯಾಕೆ, ಏನು ಅಂತ ಕೇಳಂಗಿಲ್ಲ."

"ನಾನು ಒಳ್ಳೇ ಜಾಗದಲ್ಲಿದ್ರೆ?" ಎಂದ ರುಸ್ತಂದಿ.

"ಸ್ವರ್ಗದಲ್ಲಿದ್ರೂ ಬಾ! ಆಣೆ ಮಾಡಿ."

ಇಬ್ಬರೂ ಆಣೆ ಮಾಡಿದರು. ದುದುಂಗ್ ಕಣ್ಣು ತೆರೆದೇ ಮಾಡಿದ.

ಸಂಜೆಗೆ ಕೆಫೆ ತುಂಬಿತು. ಮುಂದಿನ ಮೇಜಿನಲ್ಲಿ ರೆತ್ನೊ ಮೇಡಂ, ಬಿಸಿ ಬಂದ್ರೆಕ್ ಕಷಾಯ ಹೀರುತ್ತಾ ಗಂಭೀರವಾಗಿ ಕೂತಿದ್ದರು. ಹಿಂದೆ ನಮ್ಮ ಗಲ್ಲಿಗೆ ಗಲ್ಲಿಯೇ ಬಂದು ಕೂತಿತ್ತು. ಒನೆಂಗಮ್ಮ ಅಕ್ಕಪಕ್ಕದವರಿಗೆಲ್ಲ, "ತಲೆ ನಂದೇ, ನಾನೇ ಹಚ್ಚಿದ್ದು," ಎಂದು ಹೇಳುತ್ತಿದ್ದರು.

ಮೂಲ ರಾಗ ಚೆನ್ನಾಗಿಯೇ ಮೂಡಿತು. ಏಳು ಏಳು ಎಣಿಕೆಯಲ್ಲಿ ಏದುಸಿರು ಬಿಡುತ್ತಾ ಗುಡ್ಡ ಹತ್ತುವ ವ್ಯಾನು ಕಣ್ಣಿಗೆ ಕಟ್ಟಿತು. ರುಸ್ತಂದಿ ಅಲೆಯಲು ಹೊರಟ. ಅಷ್ಟರಲ್ಲಿ ವೇದಿಕೆಯ ದೀಪದ ಕಾವಿಗೆ ಕೊಸ್ವಾರನ ತಲೆ ಬೆವರಿತು. ಬೆವರು ಕೆಸುವಿಗೆ ಸೇರಿತು. ನೆತ್ತಿಯ ಮೇಲೆ ಕೆಂಜಿಗದ ಗೂಡು ಒಡೆದಂತಾಯಿತು. ತಡೆದ, ಹಲ್ಲು ಕಚ್ಚಿದ, ಕೊನೆಗೆ ಒಂದೇ ಒಂದು ಸಲ ಕೆರೆದುಕೊಂಡ.

ಥಟ್ಟನೆ ಎಲ್ಲರೂ ತಲೆಗೆ ಮರಳಿದರು. ಜನ್ಮದಲ್ಲಿ ಮಾತು ಕೇಳದ ರುಸ್ತಂದಿ ಮೊದಲಿಗನಾಗಿ ಬಂದ.

ಆಗಲಿ, ಪರವಾಗಿಲ್ಲ ಎಂದುಕೊಂಡು ಕೊಸ್ವಾರ ಮತ್ತೆ ಅವನಿಗೆ ಸನ್ನೆ ಮಾಡಿದ. ರುಸ್ತಂದಿ ಎರಡು ಸಲ ಊದಿದನೋ ಇಲ್ಲವೋ, ಕೊಸ್ವಾರನ ಕೈ ನೆತ್ತಿಗೆ ಹೋಯಿತು. ಮತ್ತೆ ತಲೆ. ವ್ಯಾನು ಗುಡ್ಡ ಹತ್ತುವುದು, ಅರ್ಧದಲ್ಲಿ ಹಿಂದಕ್ಕೆ ಜಾರುವುದು, ಇದೇ ಆಯಿತು.

ಇನ್ನು ತಡ ಮಾಡಿದರೆ ಆಗದೆಂದು ಕೊಸ್ವಾರ ನೇರ ತನ್ನ ಸೋಲೋಗೇ ನುಗ್ಗಿದ. ಎಲ್ಲರೂ ನಿಲ್ಲಿಸಿದರು. ಕೆಫೆ ಮೌನವಾಯಿತು. ಬೇಸ್ ಒಂದು ಮಾತಾಡಿತು, ಎರಡು ಮಾತಾಡಿತು. ರೆತ್ನೊ ಮೇಡಂ ಲೋಟ ಕೆಳಗಿಟ್ಟರು. ಕೊಸ್ವಾರನ ಕಣ್ಣು ತುಂಬಿ ಬಂತು. ಸಂತೋಷಕ್ಕೂ ಹೌದು, ಹಣೆಯಿಂದ ಇಳಿದ ಕರಿ ನೀರಿಗೂ ಹೌದು. ಒರೆಸಲು ಕೈ ಎತ್ತಿದ.

ಢಂ! ತಲೆ.

"ಅಲ್ರೋ, ತಲೆ ಕೆರೀತಿದೆ ಕಣ್ರೋ!" ಎಂದು ಅರಚಿದ.

ಆ ಗದ್ದಲದಲ್ಲಿ ದುದುಂಗ್‌ಗೆ ಕೇಳಿಸಿದ್ದು "ತಲೆ" ಎಂಬುದಷ್ಟೇ. ಮತ್ತೊಮ್ಮೆ ಶುರುಮಾಡಿದ.

"ತಲೆ ಅಲ್ವೋ, ತಲೆ ಅಲ್ಲ!"

ಎರಡು ಸಲ ಹೇಳಿದ್ದಕ್ಕೆ ಎರಡು ಸಲ ನುಡಿಸಿದರು.

ಇನ್ನೇನು ಮಾಡುವುದು? ಕೊಸ್ವಾರ ಮಾನ ಮರ್ಯಾದೆ ಎಲ್ಲ ಬಿಟ್ಟು, ಗಿಟಾರನ್ನು ಕುತ್ತಿಗೆಗೆ ನೇತುಬಿಟ್ಟು, ಎರಡೂ ಕೈಯಿಂದ ಪರಪರ ತಲೆ ಕೆರೆಯತೊಡಗಿದ. ಎರಡು ಕೈ ಎಂದರೆ ದುಪ್ಪಟ್ಟು ಜೋರು ಎಂದು ತಂಡ ತಾನೇ ಅರ್ಥ ಮಾಡಿಕೊಂಡಿತು. ಬೇಸ್ ನಿಂತುಹೋದದ್ದು ಒಬ್ಬರಿಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ರಾಗ ಇಡೀ ಗಲ್ಲಿಗೆ ಬಾಯಿಪಾಠವಾಗಿ, ಜನ ಚಪ್ಪಾಳೆ ತಟ್ಟಿ ಹಾಡತೊಡಗಿದ್ದರು. ಮೇಜು ಕುಟ್ಟುತ್ತಿದ್ದವರು ಒನೆಂಗಮ್ಮ. ದುದುಂಗ್‌ನ ಕೋಲು ಮುರಿದದ್ದರಿಂದ ಹಾಡು ಮುಗಿಯಿತು.

ಕೊಸ್ವಾರ ಹಿಂಬದಿಗೆ ಓಡಿ ನಲ್ಲಿಯ ಕೆಳಗೆ ತಲೆಯೊಡ್ಡಿದ. ಕರಿ ನೀರು ಹರಿದು, ಎಂದಿನ ನರೆ ಹೊರಬಂತು. ಎಲ್ಲ ಮುಗಿಯಿತು, ನಾಳೆಯಿಂದ ಮತ್ತೆ ಕಿವಿಯೋಲೆಯ ಹಿಂದೆ, ಎಂದುಕೊಳ್ಳುತ್ತಿರುವಾಗ ರೆತ್ನೊ ಮೇಡಂ ಬಂದು ನಿಂತರು.

"ಎಂಥಾ ಧೈರ್ಯ ರೀ ನಿಮ್ಮದು!"

"ಕ್ಷಮಿಸಿ ಮೇಡಂ, ಅದು ಕೆಸು..."

"ಹೆಸರು ಏನಾದ್ರೂ ಇರ್ಲಿ. ಇಷ್ಟು ವರ್ಷದಲ್ಲಿ ನಾನು ನೋಡಿರೋ ತಂಡಗಳಲ್ಲಿ ಒಬ್ಬೊಬ್ಬನೂ ಕಾಲು ಗಂಟೆ ಸೋಲೋ ಹೊಡೆದು ಪ್ರಾಣ ತಿಂತಾನೆ. ನೀವು ಯಾರನ್ನೂ ಅಲೆಯೋಕೆ ಬಿಡ್ಲಿಲ್ಲ. ಕೊನೆಗೆ ನೀವೂ ಅಲೀಲಿಲ್ಲ! ಆ ಸ್ಯಾಕ್ಸೊಫೋನಿನವನು ಎಷ್ಟು ಹೆದರ್ತಾನೆ ನಿಮಗೆ! ಉತ್ಸವದ ದೊಡ್ಡ ವೇದಿಕೆ ನಿಮಗೇ. ನಿಮ್ಮ ಹೆಸರಲ್ಲೇ, ನಿಮ್ಮದೇ ಫೋಟೋ ಹಾಕಿ."

ಕೊಸ್ವಾರನ ಕಾಲು ನೆಲಕ್ಕೆ ತಾಗಲಿಲ್ಲ. ನೀರು ಸುರಿಯುವ ತಲೆಯಲ್ಲೇ ಕೈ ಮುಗಿದ.

"ಒಂದೇ ಒಂದು ಬದಲಾವಣೆ," ಎಂದರು ಮೇಡಂ. "ಕೊನೇಲಿ ಗಿಟಾರ್ ಬಿಟ್ಟು ಎರಡೂ ಕೈ ಎತ್ತಿದ್ರಲ್ಲ, ನಂಗೆ ಮೈ ಜುಮ್ಮೆಂದಿತು. ಅಲ್ಲಿ ಶುರುವಿನಿಂದ್ಲೇ ಹಾಗೆ ನಿಲ್ಲಿ. ಗಿಟಾರ್ ಬೇಡ, ಅಡ್ಡ ಬರುತ್ತೆ. ಬೇಸ್‌ಗೆ ನಮ್ಮ ಕಡೆಯವರೇ ಒಬ್ರಿದ್ದಾರೆ, ನಿಮ್ಮ ಹಿಂದೆ ನಿಲ್ಲಿಸ್ತೀನಿ."

"ಮೇಡಂ, ಬೇಸ್ ನುಡಿಸೋನು ನಾನೇ ಅಲ್ವಾ..."

"ಆ ಕಷ್ಟ ಎಲ್ಲ ಮುಗೀತು ಬಿಡಿ. ಈಗ ನೀವು ನಾಯಕರು."

ಕೊಸ್ವಾರ ಕೊನೆಯ ಧೈರ್ಯ ಒಟ್ಟುಗೂಡಿಸಿ ಕೇಳಿದ: "ಮತ್ತೆ... ಆ ಎರಡು ನಿಮಿಷದ ಬೇಸ್ ಸೋಲೋ?"

"ಒಳ್ಳೇದು ನೆನಪು ಮಾಡಿದ್ರಿ!" ಮೇಡಂ ಅವನ ಬೆನ್ನು ತಟ್ಟಿದರು. "ಅದನ್ನ ಆ ಬೇಸ್‌ನವರಿಗೇ ಕೊಟ್ಬಿಡಿ. ಪಾಪ, ಅವರೂ ಎಷ್ಟು ವರ್ಷ ಅಂತ ಹಿಂದೇನೇ ನಿಂತಿರ್ತಾರೆ?"