ಕುರಿಬಾಲದ ಕೊಬ್ಬು ಸವರಿದ ಫಿಲ್ಟರು

ಇನ್ನು ನನ್ನ ಜೀವಮಾನದಲ್ಲಿ ಕಾರಿಗೆ ಹೊಸ ಏರ್ ಫಿಲ್ಟರು ಕೊಳ್ಳುವುದಿಲ್ಲ! ಈ ಭೀಷ್ಮ ಪ್ರತಿಜ್ಞೆಯನ್ನು ಗೊಂಬೋ ಎಂಬ ನಾನು ಕಳೆದ ವಸಂತದಲ್ಲಿ ಹೆಂಡತಿಯ ಎದುರು ಮಾಡಿದೆ. ನಮ್ಮ ಗೋಬಿ ಮರುಭೂಮಿಯ ಧೂಳಿನಲ್ಲಿ ಕಾಗದದ ಫಿಲ್ಟರು ಎರಡೇ ತಿಂಗಳಿಗೆ ನೆಲ ಒರೆಸಿದ ಬಟ್ಟೆಯಾಗುತ್ತದೆ. ನಾನು ತರಿಸಿದ್ದು ಹತ್ತಿಯದು. ತೊಳೆ, ಒಣಗಿಸು, ಎಣ್ಣೆ ಸವರು, ಮತ್ತೆ ಹಾಕು. ನಾನು ಸತ್ತರೂ ಅದು ಸಾಯುವುದಿಲ್ಲ! ಕೊಟ್ಟದ್ದು ಒಂದು ಕೊಬ್ಬಿದ ಟಗರಿನ ಬೆಲೆ, ಅಷ್ಟೇ.

"ಟಗರಾಗಿದ್ರೆ ಹದಿನೈದು ದಿನ ತಿನ್ಬಹುದಿತ್ತು," ಎಂದಳು ನನ್ನ ಹೆಂಡತಿ ಯಾಂಜ್ಮಾ.

ಅವಳ ಅಣ್ಣ ಛೋಯ್ಜಿಲ್ ಇಪ್ಪತ್ತು ವರ್ಷ ಲಾರಿ ಓಡಿಸಿದವನು. ಫಿಲ್ಟರನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಭಾವ, ಇದರೊಳಗಿಂದ ಆಚೆ ಇರೋ ಒಂಟೆ ಕಾಣ್ತಿದೆ. ಒಂಟೆನೇ ಕಾಣೋ ಕಡೆ ಧೂಳು ನುಗ್ಗಲ್ವಾ?"

"ಎಣ್ಣೆ ಹಚ್ಚೋದೇ ಅದಕ್ಕೆ ಮಾರಾಯ. ಧೂಳು ಬಂದು ಅಂಟ್ಕೊಳ್ಳುತ್ತೆ. ಇದು ವಿಜ್ಞಾನ."

"ನಮ್ಮೂರ ಧೂಳು ವಿಜ್ಞಾನ ಓದಿಲ್ಲ ಭಾವ."

ಓದದವರ ಜೊತೆ ವಾದವೇಕೆ ಎಂದು ನಾನು ಫಿಲ್ಟರನ್ನು ಕಾರಿಗೆ ಸೇರಿಸಿದೆ.

ಜುಲೈ ಬಂತು, ಕುದುರೆ ಓಟ, ಬಿಲ್ಲುಗಾರಿಕೆಗಳ ನಾದಮ್ ಹಬ್ಬ ಬಂತು. ಯಾಂಜ್ಮಾ ಎಂಟು ವರ್ಷಗಳ ಬಳಿಕ ಬಿಲ್ಲು ಹಿಡಿದಿದ್ದಳು. ಅವಳ ತಾಯಿಯ ಬಿಲ್ಲು ಅದು. ಮಕ್ಕಳು, ಮರಿಗಳು, ನನ್ನ ಮುರಿದ ಕಾಲು ಎಂದು ವರ್ಷವರ್ಷವೂ ತಪ್ಪಿಸಿಕೊಂಡಿದ್ದ ಸ್ಪರ್ಧೆ. ಈ ಸಲ ಕುರಿದೊಡ್ಡಿಯ ಹಿಂದೆ ದಿನಾ ಸಂಜೆ ಬಾಣ ಬಿಟ್ಟು ಹೆಬ್ಬೆರಳಿನ ಚರ್ಮ ಸುಲಿದುಕೊಂಡಿದ್ದಳು. ಬೆಳಿಗ್ಗೆ ಹತ್ತಕ್ಕೆ ಹೆಸರು ಕೂಗುತ್ತಾರೆ. ಆಗ ಎದುರಿಗಿಲ್ಲದಿದ್ದರೆ ಆ ವರ್ಷದ ಕಥೆ ಮುಗಿಯಿತು. ಮೈದಾನ ಅರವತ್ತು ಕಿಲೋಮೀಟರು ದೂರ.

"ಹಬ್ಬ ಮುಗಿಯೋವರೆಗೆ ಆ ಕಾರನ್ನ ಅದರ ಪಾಡಿಗೆ ಬಿಟ್ಬಿಡಿ," ಎಂದಳು.

ಬಿಡುತ್ತೇನೆಯೇ? ನನ್ನ ಹೆಂಡತಿ ಹೋಗುವ ರಥ ಶುದ್ಧ ಗಾಳಿ ಉಸಿರಾಡಬೇಡವೇ? ಸ್ಪರ್ಧೆಯ ಹಿಂದಿನ ದಿನ ಫಿಲ್ಟರನ್ನು ತೊಳೆದೆ. ಡೇರೆಯ ಮೇಲೆ ಒಣಹಾಕಿದ್ದ ಮೊಸರುಗಟ್ಟಿಗಳ ನಡುವೆ ಅದನ್ನೂ ಒಣಗಿಸಿದೆ. ಎಣ್ಣೆ ಸವರಲು ನೋಡಿದರೆ, ಜೊತೆಗೆ ಬಂದಿದ್ದ ಸೀಸೆ ಖಾಲಿ. ಪೇಟೆಗೆ ಹೋಗಿಬರಲು ಒಂದು ದಿನ ಬೇಕು.

ನಮ್ಮಲ್ಲಿ ಕೂಸಿನ ಬಾಯಿಗೆ ಚೀಪಲು ಕೊಡುವುದು ಕುರಿಬಾಲದ ಕೊಬ್ಬು. ಜೀನಿನ ತೊಗಲಿಗೆ, ಒಡೆದ ಹಿಮ್ಮಡಿಗೆ, ನೋಯುವ ಮೊಣಕಾಲಿಗೆ ಹಚ್ಚುವುದೂ ಅದನ್ನೇ. ಇಷ್ಟಕ್ಕೆಲ್ಲ ಆಗುವುದು ಒಂದು ಫಿಲ್ಟರಿಗೆ ಆಗದೇ? ಒಂದು ಬಟ್ಟಲು ಕರಗಿಸಿ, ಹತ್ತಿಯ ಮಡಿಕೆಮಡಿಕೆಗೂ ಕುಡಿಸಿದೆ. ಕುಡಿಯಿತು, ಪಾಪ.

ಬೆಳಿಗ್ಗೆ ಹೊರಟೆವು. ದಾರಿಯಲ್ಲಿ ಸಿಕ್ಕ ಡೇರೆಡೇರೆಯ ನಾಯಿಗಳೂ ನಮ್ಮ ಹಿಂದೆ ಓಡಿಬಂದವು.

"ಇದೇನ್ರೀ, ನಾಯಿಗಳು ಇಷ್ಟು ಪ್ರೀತಿ ತೋರಿಸ್ತಿವೆ?"

"ಹಬ್ಬ ಅಲ್ವಾ," ಎಂದೆ.

ನಲವತ್ತನೆಯ ಕಿಲೋಮೀಟರಿಗೆ ಕಾರು ಕೆಮ್ಮಿತು. ಮುಂಜಾನೆಯ ತಣ್ಣನೆಯ ಗಾಳಿಗೆ ಕೊಬ್ಬು ಹೆಪ್ಪುಗಟ್ಟಿ, ಮೇಲೆ ಧೂಳು ಕೂತು, ಫಿಲ್ಟರು ಗೋಡೆಯಾಗಿತ್ತು. ಉಳಿದದ್ದು ಎಂಜಿನ್ನಿನ ಬಿಸಿಗೆ ಕರಗಿ ಒಳಗಿಳಿದಿತ್ತು. ಸ್ಟಿಯರಿಂಗಿನ ಎದುರಿಗೆ ಎಚ್ಚರಿಕೆಯ ಕೆಂಪು ದೀಪ ಹತ್ತಿತು, ಹಿಂದಿನ ಹೊಗೆಕೊಳವೆಯಿಂದ ಹುರಿದ ಮಾಂಸದ ಘಮ ಬಂತು. ಯಾಂಜ್ಮಾ ಮೂಗರಳಿಸಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು.

"ಬಾಲದ ಕೊಬ್ಬಾ?"

"ಸ್ವಲ್ಪ."

ಫಿಲ್ಟರು ಕಿತ್ತೆಸೆದು ನೋಡಿದೆ. ಗಾಳಿಯನ್ನು ಅಳೆಯುವ ಸೂಕ್ಷ್ಮ ತಂತಿಗೂ ಕೊಬ್ಬು ಮೆತ್ತಿತ್ತು. ಕಾರು ಎದ್ದಿತು, ನಿಟ್ಟುಸಿರಿಟ್ಟಿತು, ಮಲಗಿತು. ಗಂಟೆ ಒಂಬತ್ತೂಕಾಲು. ಅವಳು ಬೈಯಲಿಲ್ಲ. ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯನ್ನೇ ನೋಡುತ್ತ ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಛೋಯ್ಜಿಲ್‌ನ ಬೈಕು ಬಂತು.

"ಯಾರ ಮನೇಲಪ್ಪಾ ಅಡುಗೆ?" ಎಂದವನು ನನ್ನ ಮುಖ ನೋಡಿದ, ತಂಗಿಯ ತೊಡೆಯ ಮೇಲಿನ ಬಿಲ್ಲು ನೋಡಿದ. ತಂಗಿಯನ್ನು ಹಿಂದೆ ಕೂರಿಸಿಕೊಂಡು ಹಾರಿಹೋದ.

ನನ್ನನ್ನೂ ಕಾರನ್ನೂ ಎಳೆದು ತಂದದ್ದು ದಾರಿಯಲ್ಲಿ ಸಿಕ್ಕ ಒಬ್ಬ ಅಜ್ಜಿಯ ಒಂಟೆ. ಇಪ್ಪತ್ತು ಕಿಲೋಮೀಟರಿಗೆ ಐದು ಗಂಟೆ! ಅಜ್ಜಿ ಮೇಲೆ ಕೂತು ಹಾಡುತ್ತಿದ್ದಳು, ನಾನು ಕೆಳಗೆ ಸ್ಟಿಯರಿಂಗ್ ಹಿಡಿದು ಹಬ್ಬಕ್ಕೆ ಬಂದ ಮೈಲುಗಟ್ಟಲೆ ಜನಕ್ಕೆ ನಮಸ್ಕಾರ ಹೇಳುತ್ತಿದ್ದೆ. ಮೈದಾನ ಮುಟ್ಟಿದಾಗ ಎರಡು ವರ್ಷದ ಕುದುರೆಮರಿಗಳ ಓಟ ಆಗಷ್ಟೇ ಮುಗಿದಿತ್ತು. ಜನ ನಗುತ್ತ ದಾರಿ ಬಿಟ್ಟರು. ನಾನು ಗುರಿಗೆರೆ ದಾಟಿದೆ, ಎಲ್ಲರಿಗಿಂತ ಕೊನೆಗೆ.

ಯಾಂಜ್ಮಾ ಎದುರಿಗೆ ಬಂದಳು. ಕೊರಳಲ್ಲಿ ಪದಕ.

"ಗೆದ್ಯಾ?"

"ಎರಡನೇ ಸ್ಥಾನ. ಹೆಸರು ಕೂಗುವಾಗ ಬೈಕಿಂದ ಇಳೀತಿದ್ದೆ."

ನಾನು ಕಾರಿನೊಳಗೇ ಕೂತು ಮುಖ ಮುಚ್ಚಿಕೊಂಡು ಅತ್ತೆ. ಕಣ್ಣಿಗೆ ಧೂಳು ಬಿದ್ದಿದೆ ಎಂದು ಜನ ಅಂದುಕೊಂಡಿರಬೇಕು.

ಕೊನೆಗೆ ಬಂದ ಕುದುರೆಮರಿಗೆ ನಮ್ಮಲ್ಲಿ ಸಮಾಧಾನದ ಹಾಡು ಹೇಳುತ್ತಾರೆ. ನಿನ್ನ ತಪ್ಪಲ್ಲ, ಸವಾರ ಸರಿಯಿರಲಿಲ್ಲ, ಮುಂದಿನ ವರ್ಷ ನೀನೇ ಮೊದಲು ಎಂದು ನೆತ್ತಿಗೆ ಕುದುರೆಯ ಹುಳಿಹಾಲು ಎರೆಯುತ್ತಾರೆ. ಯಾಂಜ್ಮಾ ಬಟ್ಟಲು ತುಂಬ ಹುಳಿಹಾಲು ತಂದು ಕಾರಿನ ಮೂತಿಗೆ ಸುರಿದಳು. ಊರಿಗೆ ಊರೇ ಕೇಳುವಂತೆ ರಾಗ ಎಳೆದಳು:

"ನಿನ್ನ ತಪ್ಪಲ್ಲ ಮರೀ, ನಿನ್ನ ಉಸಿರು ಕಟ್ಟಿದವನು ಯಜಮಾನ. ಮುಂದಿನ ವರ್ಷ ನೀನೇ ಮೊದಲು ಬರ್ತೀಯ, ನಿನಗೆ ಕಾಗದದ ಹೊಸ ಫಿಲ್ಟರು ತರ್ತೀನಿ. ಯಜಮಾನನಿಗೆ ಮಾತ್ರ ಬದಲಿ ಸಿಗಲ್ಲ ಮರೀ, ಇದನ್ನೇ ತೊಳೆದು ತೊಳೆದು ಬಳಸ್ಬೇಕು."