ಪೀಸ್‌ನಿಕ್ ಪದಕ್ಕೆ ನಾನು ಬರೆದ ಟಿಪ್ಪಣಿ

ಇಪ್ಪತ್ತೆಂಟು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯ ತಿದ್ದಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿಗಿರುವವನು ಏನು ಹೇಳುತ್ತಿದ್ದಾನೆ ಅನ್ನುವುದಕ್ಕಿಂತ, ಅದನ್ನು ಸರಿಯಾಗಿ ಹೇಳುತ್ತಿದ್ದಾನೆಯೇ ಅನ್ನುವುದು ಅವನಿಗೆ ಮೊದಲು ಕಾಣುತ್ತದೆ. ಲಗ್ನಪತ್ರಿಕೆ ಕೊಟ್ಟವರ ಎದುರಿಗೇ ನಾನು ಜೇಬಿನಿಂದ ಪೆನ್ನು ತೆಗೆದದ್ದುಂಟು. ಮಾಲೂರಿನಲ್ಲಿ ನೆಂಟರೊಬ್ಬರು ತೀರಿಕೊಂಡಾಗ ಶ್ರದ್ಧಾಂಜಲಿಯ ಬ್ಯಾನರಿನ ಮುಂದೆ ಎಲ್ಲರೂ ಕೈಮುಗಿದು ನಿಂತಿದ್ದರೆ, ನಾನು ಅದರಲ್ಲಿದ್ದ ತಪ್ಪುಗಳನ್ನು ಎಣಿಸುತ್ತ ತಲೆ ಆಡಿಸುತ್ತಿದ್ದೆ. ಪಾಪ, ಬಹಳ ಹಚ್ಚಿಕೊಂಡಿದ್ದರು ಎಂದು ಆ ಮನೆಯವರು ನನಗೇ ಸಮಾಧಾನ ಹೇಳಿ ಕಾಫಿ ಕೊಟ್ಟರು. ನಾನು ಕುಡಿದೆ.

ಈ ಕಾಯಿಲೆ ಮನೆಗೇ ಕುತ್ತು ತಂದದ್ದು ಇತ್ತೀಚೆಗೆ, ಗಡಿಯಲ್ಲಿ ಗುಂಡು ಹಾರುತ್ತಿದ್ದ ಕೆಲವು ದಿನಗಳಲ್ಲಿ. ನನ್ನ ಹೆಂಡತಿ ಪದ್ಮಳ ತವರಿನವರದೊಂದು ವಾಟ್ಸಾಪ್ ಗುಂಪಿದೆ. ಮಾಮೂಲಿ ದಿನಗಳಲ್ಲಿ ಅಲ್ಲಿ ಗುಲಾಬಿ ಹೂವಿನ ಶುಭೋದಯ, ಮಾವಿನ ರೇಟು, ಯಾರದೋ ಮಗುವಿನ ಮೊದಲ ಹಲ್ಲು, ಇಷ್ಟೇ. ಆ ವಾರ ಮಾತ್ರ ಎಲ್ಲರೂ ಸೇನಾಪತಿಗಳಾದರು. ಮುಳಬಾಗಿಲಿನ ನನ್ನ ಷಡ್ಡಕರು, ಗೋಡೆಯ ಮೇಲೆ ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುವವರು, ಎರಡೇ ದಿನದಲ್ಲಿ ಎರಡು ನಗರ ಗೆದ್ದರು. ನಾನು ಅಳೆದು ತೂಗಿ ಒಂದು ಸಾಲು ಹಾಕಿದೆ: ಮಾತುಕತೆಯಲ್ಲಿ ಮುಗಿದರೆ ಒಳ್ಳೆಯದು.

ಹತ್ತು ನಿಮಿಷಕ್ಕೆ ಉತ್ತರ ಬಂತು. ಯಲ್ದೂರಿನಲ್ಲಿ ಮಾವಿನ ತೋಟ ಮಾಡಿಕೊಂಡಿರುವ ನನ್ನ ಬಾಮೈದ ಮುನಿರಾಜು ಬರೆದಿದ್ದ: 'ಬಾವ ಒಬ್ಬ ಪೀಸ್‌ನಿಕ್.'

ಟೀವಿ ಚರ್ಚೆಯಲ್ಲಿ ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದ ಪದವನ್ನು ಅವನು ಹೆಕ್ಕಿಕೊಂಡಿದ್ದ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಜಗಳಕ್ಕೆ ಇಳಿಯುತ್ತಿದ್ದರು. ನಾನು ಟಿಪ್ಪಣಿ ಬರೆದೆ. ಇಂಗ್ಲಿಷಿನ ಪೀಸ್ ಎಂಬುದಕ್ಕೆ 'ನಿಕ್' ಎಂಬ ರಷ್ಯನ್ ಬಾಲ ಸೇರಿ ಆದ ಪದ ಇದು. ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದಲ್ಲಿ ಇಂಥ ಬಾಲದ ಪದಗಳು ಹೆಚ್ಚಿದವು. ವಿಯೆಟ್ನಾಂ ಯುದ್ಧ ಬೇಡವೆಂದು ಬೀದಿಗಿಳಿದವರನ್ನು ಹೀಗೆ ಹೀಯಾಳಿಸುತ್ತಿದ್ದರು. ಶಾಂತಿವಾದಿ ಎಂದು ಅನುವಾದಿಸಿದರೆ ಅರ್ಥ ಉಳಿದು ಮೊನಚು ಹೋಗುತ್ತದೆ. ಬೀದಿಗಿಳಿಯದೆ ಕುರ್ಚಿಯಲ್ಲಿ ಕೂತು ಒಂದು ಸಾಲು ಬರೆದವನಿಗೆ ಇದು ಪೂರ್ತಿ ಒಪ್ಪುವುದಿಲ್ಲ. ಬಳಸಲೇಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಬಳಸುವುದು ಕ್ಷೇಮ. ಬರೆದು ಮುಗಿಸಿ ಎರಡು ಸಲ ಓದಿಕೊಂಡೆ. ಒಂದು ತಪ್ಪೂ ಇರಲಿಲ್ಲ. ಕಳಿಸಿದೆ.

ಮುನಿರಾಜು ಗುಂಪಿನಿಂದ ಹೊರಗೆ ಹೋದ.

ಅಕ್ಕ ತಮ್ಮ ದಿನಾ ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ಮಾತಾಡುವವರು. ತಿಂಡಿ ಏನು ಎಂಬುದರಿಂದ ಶುರುವಾಗಿ ತೆಲುಗಿಗೆ ಹೊರಳಿ ಯಾರನ್ನೋ ಆಡಿಕೊಂಡು ನಗುವುದರಲ್ಲಿ ಅದು ಮುಗಿಯುತ್ತಿತ್ತು. ಮಾರನೆಯ ದಿನ ಅವನು ಫೋನ್ ಎತ್ತಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಪದ್ಮ ನನ್ನ ತಟ್ಟೆಗೆ ಉಪ್ಪಿಟ್ಟು ಹಾಕಿ ಎದುರಿಗೇ ಕೂತಳು.

"ಹರೀಶ ಎಲ್ಲಿದಾನೆ ಅಂತ ಗೊತ್ತೇನ್ರೀ ನಿಮಗೆ?"

ಗೊತ್ತಿತ್ತು. ಮುನಿರಾಜುವಿನ ಮಗ ಹರೀಶ ಸೇನೆಯಲ್ಲಿದ್ದಾನೆ, ಆಗ ಗಡಿಯ ಹತ್ತಿರವೇ ಇದ್ದ. ಇಡೀ ಗುಂಪಿಗೇ ಗೊತ್ತಿತ್ತು. ಟಿಪ್ಪಣಿ ಬರೆಯುವಾಗ ನನಗೆ ಸ್ಪುಟ್ನಿಕ್ ನೆನಪಾಯಿತು, ಹರೀಶ ನೆನಪಾಗಲಿಲ್ಲ.

"ಅವನು ಹೆದರಿಕೊಂಡು ಏನೋ ಒಂದು ಮಾತು ಅಂದ. ನೀವು ಅವನಿಗೆ ಪಾಠ ಮಾಡಿದ್ರಿ. ಅವನು ನನ್ನ ತಮ್ಮ ಕಣ್ರೀ, ನಿಮ್ಮ ವರದಿಗಾರ ಅಲ್ಲ."

ಉಪ್ಪಿಟ್ಟು ಮುಗಿಸಿ ಕೋಲಾರದಿಂದ ಯಲ್ದೂರಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕ್ಷಮೆಯ ಮಾತು ಬರೆದು, ಹೊಡೆದು, ಮತ್ತೆ ಬರೆದೆ. ತೋಟದಲ್ಲಿ ಮುನಿರಾಜು ಮರದ ಕೆಳಗೆ ಕೂತು ಬಾದಾಮಿ ಮಾವಿನ ಹಣ್ಣನ್ನು ಸೈಜಿನ ಪ್ರಕಾರ ಕ್ರೇಟುಗಳಿಗೆ ಆರಿಸಿ ಹಾಕುತ್ತಿದ್ದ. ನನ್ನನ್ನು ನೋಡಿ ಏಳಲಿಲ್ಲ. "ರಾ ಬಾವ, ಕೂಚೋ" ಎಂದು ತೆಲುಗಿನಲ್ಲೇ ಕರೆದು, ಪಕ್ಕದ ಖಾಲಿ ಕ್ರೇಟನ್ನು ಬೋರಲು ಹಾಕಿದ. ಕೂತೆ. ದಾರಿಯಲ್ಲಿ ಸಿದ್ಧ ಮಾಡಿಕೊಂಡಿದ್ದ ವಾಕ್ಯವನ್ನು ಅಲ್ಲೇ ಬಿಟ್ಟೆ. ಸುಮ್ಮನಿರಲಾಗದೆ ನಾನೂ ಹಣ್ಣು ಆರಿಸತೊಡಗಿದೆ. ನಾನು ಹಾಕಿದ್ದನ್ನೆಲ್ಲ ಅವನು ತೆಗೆದು ಬೇರೆ ಕ್ರೇಟಿಗೆ ಹಾಕಿದ. ತಿದ್ದಿಸಿಕೊಳ್ಳುವುದು ಹೇಗಿರುತ್ತದೆ ಎಂದು ಅಲ್ಲಿ ತಿಳಿಯಿತು.

ಎರಡು ಕ್ರೇಟು ತುಂಬಿದ ಮೇಲೆ ಅವನೇ ಮಾತು ತೆಗೆದ. ಹಿಂದಿನ ಸಂಜೆ ಹರೀಶ ಫೋನ್ ಮಾಡಿದ್ದನಂತೆ. ಚೆನ್ನಾಗಿದ್ದೇನೆ, ಊಟ ಆಯಿತು, ಮೊದಲು ಆ ಟೀವಿ ಆಫ್ ಮಾಡಪ್ಪ ಎಂದನಂತೆ.

"ಆಫ್ ಮಾಡ್ದೆ. ಆಮೇಲೆ ನೀನು ಕಳಿಸಿದ್ದು ಓದ್ದೆ ಬಾವ. ಯುದ್ಧ ಬೇಡ ಅನ್ನೋರು ಅಂತ ತಾನೆ ಅದರರ್ಥ?"

ಹೌದೆಂದೆ.

"ಹಂಗಾದ್ರೆ ನಮ್ಮನೇಲಿ ಎಲ್ರೂ ಅದೇ ಕಣೋ ಬಾವ. ನಿನ್ ತಂಗಿ ಮೂರು ದಿನದಿಂದ ದೇವರ ಮುಂದಿಂದ ಎದ್ದಿಲ್ಲ." ತಂಗಿ ಎಂದರೆ ಅವನ ಹೆಂಡತಿ. ಕೈಯಲ್ಲಿದ್ದ ಹಣ್ಣನ್ನು ಕ್ರೇಟಿಗೆ ಹಾಕಿದ. "ಹರೀಶಂಗೂ ಬೇಡ್ವಂತೆ. ಹೇಳ್ದ್ರೆ ಹೋಗ್ತೀನಿ, ಬೇಡ ಅಂದ್ರೆ ಊರಿಗೆ ಬರ್ತೀನಿ ಅಂದ. ಬಂದೂಕು ಹಿಡ್ದು ಯುದ್ಧ ಬೇಡ ಅನ್ನೋನಿಗೆ ಏನಂತಾರೆ, ಅದು ನೀನು ಬರೀಲಿಲ್ಲ."

ಅದಕ್ಕೆ ಪದವಿಲ್ಲ ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿದೆ. ನನ್ನ ವೃತ್ತಿಜೀವನದಲ್ಲಿ ನಾನು ಮಾಡಿದ ಅತ್ಯುತ್ತಮ ತಿದ್ದುಪಡಿ ಅದು.

ಸಂಜೆ ಒಂದು ಕ್ರೇಟು ಬಾದಾಮಿಯೊಂದಿಗೆ ಮನೆಗೆ ಬಂದೆ. ಮರುದಿನ ಏಳಕ್ಕೆ ಪದ್ಮಳ ಫೋನ್ ಬಡಿದುಕೊಂಡಿತು. ಅವಳು ತೆಲುಗಿನಲ್ಲಿ ನಗುತ್ತಿದ್ದಾಗ, ಆಡಿಕೊಳ್ಳುತ್ತಿರುವುದು ನನ್ನನ್ನೇ ಎಂದು ಗೊತ್ತಾದರೂ ಕಿವಿಗೆ ಹಿತವಾಗಿತ್ತು. ಮುನಿರಾಜು ಗುಂಪಿಗೆ ಮರಳಿ ಬಂದು ಬರೆದ: 'ಎಲ್ಲಾ ಚನ್ನಾಗಿದಿವಿ. ಹರೀಶ ಚನ್ನಾಗಿದಾನೆ.' ನಾನು ಅದರ ಕಾಗುಣಿತಕ್ಕೆ ಕೈ ಹಾಕದೆ, 'ಬಹಳ ಸಂತೋಷ ಮುನಿರಾಜು' ಎಂದಷ್ಟೇ ಉತ್ತರಿಸಿದೆ. ಪದ್ಮ ಇಣುಕಿ ನೋಡಿ, ಪರವಾಗಿಲ್ಲ ಎಂಬಂತೆ ಅಡುಗೆಮನೆಗೆ ಹೋದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ 'ಸಂತೋಷ'ದ ಮುಂದೆ ಅಲ್ಪವಿರಾಮ ಇರಲಿಲ್ಲ. ಐದು ನಿಮಿಷ ತಡೆದೆ, ತಡೆಯಲಾಗಲಿಲ್ಲ. ಸಂದೇಶ ತೆರೆದು ಅದನ್ನು ಹಾಕಿದೆ. ಸಂದೇಶದ ಕೆಳಗೆ, ತಿದ್ದಲಾಗಿದೆ ಎಂಬ ಸಣ್ಣ ಗುರುತು ಮೂಡಿತು. ಮುಳಬಾಗಿಲಿನ ಷಡ್ಡಕರು ತಕ್ಷಣ ಕೇಳಿದರು: 'ಮೊದಲು ಏನು ಬರೆದಿದ್ರಿ?' ಈಗ ಮೂವತ್ತೆರಡು ಜನ ಅದನ್ನೇ ಕೇಳುತ್ತಿದ್ದಾರೆ. ಬರೀ ಅಲ್ಪವಿರಾಮ ಎಂದರೆ ಒಬ್ಬರೂ ನಂಬುತ್ತಿಲ್ಲ.