ಮಾಮನ ಪಕ್ಕಾ ಬಣ್ಣದ ಹಣ್ಣು

ನಮ್ಮ ಸೋದರಮಾವ ಹಾವಿಗೆ ಹೆದರುವವರಲ್ಲ. ಮೊಳಕಾಲ್ಮೂರಿನ ಬಂಡೆಗಳ ನಡುವೆ ಹುಟ್ಟಿ ಬೆಳೆದವರು, ಹಾವು ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ, ಅಷ್ಟೇ. ನಮ್ಮ ಅತ್ತೆಗೂ ಹೆದರುವುದಿಲ್ಲ, ಅದಂತೂ ದೊಡ್ಡ ಧೈರ್ಯ! ಅವರು ಹೆದರುವುದು ಮೂಲಂಗಿಗೆ. ಹೂಕೋಸಿಗೂ ಸ್ವಲ್ಪ ಹೆದರುತ್ತಾರೆ. ತಟ್ಟೆಗೆ ಬೆಳ್ಳಗಿರುವುದು ಏನು ಬಿದ್ದರೂ ಕೈ ಹಿಂದಕ್ಕೆ ಹೋಗುತ್ತದೆ. ಮೊಸರನ್ನ ಒಂದನ್ನು ಬಿಡಲಾಗಲಿಲ್ಲ. ಅದರ ಮೇಲೆ ದಾಳಿಂಬೆ ಸುರಿದು, ಬಿಳುಪು ಕಾಣದಂತೆ ಮುಚ್ಚಿ ಉಣ್ಣುತ್ತಾರೆ.

ಕಾರಣ ಇದೆ. ನಮ್ಮ ಅಜ್ಜಿ, ಅಂದರೆ ಮಾಮನ ಅವ್ವ, ಕೊನೆಯ ಎರಡು ವರ್ಷ ಎಲ್ಲವನ್ನೂ ಮರೆತಿದ್ದರು. ಊಟ ಮಾಡಿದ್ದನ್ನು ಮರೆತರು, ಮನೆ ಮರೆತರು, ಕಡೆಗೆ ಹೆತ್ತ ಮಕ್ಕಳನ್ನೂ ಮರೆತರು. ಎಪ್ಪತ್ತು ತುಂಬಿದಾಗಿನಿಂದ ಮಾಮನಿಗೆ ಒಂದೇ ಭಯ: ಅದು ನನಗೂ ಬಂದರೆ? ಅಷ್ಟರಲ್ಲಿ ಯಾರೋ ಅವರ ಮೊಬೈಲಿಗೆ ಒಂದು ವಿಡಿಯೊ ಕಳಿಸಿದರು. ಗಾಢ ಬಣ್ಣದ ಹಣ್ಣು, ಸೊಪ್ಪು, ತರಕಾರಿಗಳಲ್ಲಿ ಆಂಟಿಆಕ್ಸಿಡೆಂಟ್ ಇರುತ್ತದೆ, ಅದು ವಯಸ್ಸಾದವರ ಮಿದುಳನ್ನು ಕಾಪಾಡಲು ನೆರವಾಗಬಹುದು ಎಂದಿತ್ತು ಅದರಲ್ಲಿ. 'ಬಹುದು' ಎಂಬುದನ್ನು ಮಾಮ ಕೇಳಿಸಿಕೊಳ್ಳಲಿಲ್ಲ. 'ಬಣ್ಣ' ಎಂಬುದನ್ನು ಮಾತ್ರ ಕೇಳಿಸಿಕೊಂಡರು.

ಕೇಳಿಸಿಕೊಳ್ಳದೆ ಇರುತ್ತಾರೆಯೇ? ನಲವತ್ತು ವರ್ಷ ರೇಷ್ಮೆ ಸೀರೆ ಮಾರಿದ ಮನುಷ್ಯ. ಅವರ ಪ್ರಕಾರ ಬಣ್ಣದಲ್ಲಿ ಎರಡೇ ಜಾತಿ. ಒಗೆದರೆ ಹೋಗುವುದು ಕಚ್ಚಾ, ಹೋಗದ್ದು ಪಕ್ಕಾ. ಅಂಗಡಿಯ ಆ ಪರೀಕ್ಷೆಯನ್ನು ಹಣ್ಣಿಗೂ ಶುರುಮಾಡಿದರು. ಪ್ರತಿ ಹಣ್ಣನ್ನೂ ಬಿಳಿ ಪಂಚೆಯ ತುದಿಗೆ ಉಜ್ಜುವುದು, ಸೋಪು ಹಾಕಿ ಒಗೆಯುವುದು, ಬಿಸಿಲಿಗೆ ಹರವುವುದು. ಕಲೆ ಉಳಿದರೆ ಆ ಹಣ್ಣು ಪಾಸು!

"ಬಟ್ಟೆಗೇ ಹಿಡೀದಿರೋ ಬಣ್ಣ ತಲೆಗೆ ಹೆಂಗವ್ವ ಹಿಡೀತೈತೆ?" ಎಂದು ನನ್ನನ್ನೇ ಕೇಳಿದರು.

ಬೀಟ್‌ರೂಟ್ ನಪಾಸಾಯಿತು, ಎರಡೇ ಸಲ ಒಗೆಯುವುದರಲ್ಲಿ ಮಾಯ. ನೇರಳೆ, ದಾಳಿಂಬೆ ಮೊದಲ ದರ್ಜೆಯಲ್ಲಿ ಪಾಸು. ಅರಿಶಿನದ್ದೇ ವಿಚಿತ್ರ. ಸೋಪಿಗೆ ಜಗ್ಗಲಿಲ್ಲ, ಬಿಸಿಲಿಗೆ ಹಾರಿಹೋಯಿತು. ಅಂದಿನಿಂದ ಅರಿಶಿನ ಹಾಕಿದ ಸಾರು ಉಂಡರೆ ಮಾಮ ಬಿಸಿಲಿಗೆ ತಲೆ ಒಡ್ಡುವುದಿಲ್ಲ. ಮೊಳಕಾಲ್ಮೂರಿನಲ್ಲಿ ಇದ್ದುಕೊಂಡು ಬಿಸಿಲು ತಪ್ಪಿಸುವುದೆಂದರೆ ಸುಮ್ಮನೆಯೇ? ಹಿತ್ತಲಿಗೂ ಕೊಡೆ ಹಿಡಿದೇ ಹೋಗುತ್ತಾರೆ.

ಒಮ್ಮೆ ಸಂತೆಯಲ್ಲಿ ಹೀಗೆ ನೇರಳೆ ಉಜ್ಜುತ್ತಾ ನಿಂತಿದ್ದಾಗ, ರಾಯದುರ್ಗದ ಕಡೆಯಿಂದ ಹಣ್ಣು ತರುವಾಕೆ "ಏಂ ಸಾಮಿ, ತಿನೇದಾ, ಉತಿಕೇದಾ?" ಎಂದಳಂತೆ. ತಿನ್ನೋದಕ್ಕೋ, ಒಗೆಯೋದಕ್ಕೋ ಎಂದು, ತೆಲುಗಿನಲ್ಲಿ. ಮಾಮ "ರೆಂಡೂ", ಅಂದರೆ ಎರಡಕ್ಕೂ, ಎಂದು ಹೇಳಿ ಎರಡು ಕೇಜಿ ತಂದರು. ಅತ್ತೆ ತಂತಿಯ ಮೇಲಿನ ಪಂಚೆಗಳನ್ನು ನೋಡಿ, "ಇವರ ತಲೆ ಉಳೀತೈತೋ ಇಲ್ವೋ, ಪಂಚೆ ಅಂತೂ ಒಂದೂ ಉಳೀಲಿಲ್ಲ" ಎಂದರು.

ಚಳ್ಳಕೆರೆಯ ನಮ್ಮ ಮನೆಯಲ್ಲಿ ಕೂತು, ಫೋನಿನಲ್ಲಿ ಇದನ್ನೆಲ್ಲ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕವಳು ನಾನು. ಆದರೆ ನಿಜ ಹೇಳಿಬಿಡುತ್ತೇನೆ. ಒಂದು ದಿನ ಎಣ್ಣೆ ಗಿರಣಿಯ ಮುಂದೆ ನಮ್ಮ ಪಕ್ಕದ ಮನೆಯಾಕೆ ಎದುರಾದಳು. ಹತ್ತು ವರ್ಷದ ಪರಿಚಯ, ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಅವಳನ್ನು ಹೇಗೋ ಸಾಗಹಾಕಿ, ನೇರ ಹಣ್ಣಿನ ಅಂಗಡಿಗೆ ನಡೆದೆ. ಯಾರಿಗೂ ಹೇಳದೆ ದಿನಾ ದಾಳಿಂಬೆ ತಿನ್ನತೊಡಗಿದೆ. ನನಗೂ ಐವತ್ತೈದು. ಅಜ್ಜಿಯ ರಕ್ತ ನನ್ನಲ್ಲೂ ಹರಿಯುತ್ತಿದೆಯಲ್ಲ!

ಹೋದ ಮುಂಗಾರಿನಲ್ಲಿ ಮಾಮ ಅಂಗಡಿಯಲ್ಲಿ ಕೂತು ಗಿರಾಕಿಯೊಬ್ಬಳಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದರು. ಮಾತು ನಡುವೆಯೇ ನಿಂತಿತು. "ಇದರ... ಇದರ ಅದು ನೋಡವ್ವ, ಹೆಗಲ ಮೇಲೆ ಬರ್ತೈತಲ್ಲ, ಅದು" ಎಂದರಂತೆ. ಸೆರಗು ಎಂಬ ಮಾತು ಸಿಗಲಿಲ್ಲ. ಸೆರಗು ತೋರಿಸಿಯೇ ನಲವತ್ತು ವರ್ಷ ಅನ್ನ ಉಂಡವರಿಗೆ! ಅವತ್ತು ಅತ್ತೆಯೂ ನಗಲಿಲ್ಲ, ನಾನೂ ನಗಲಿಲ್ಲ. ಮರುದಿನ ಬೆಳಗ್ಗೆ ಮಾಮ ನೇರಳೆಯ ಚೀಲ ಹಿಡಿದು ಬಸ್ಸಿನಲ್ಲಿ ಚಳ್ಳಕೆರೆಗೆ ಬಂದರು. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ವಾರ ಕೇಳಿದರು, ತಿಂಗಳು ಕೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಮಾಮ ಕಳೆಯುತ್ತಾ ಹೋದ ವೇಗಕ್ಕೆ ಡಾಕ್ಟರೇ ಕೈಯೆತ್ತಿ ನಿಲ್ಲಿಸಬೇಕಾಯಿತು. "ಸದ್ಯಕ್ಕೆ ಗಾಬರಿ ಬೇಡ. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ. ಬಿಪಿ ಮಾತ್ರೆ ಬಿಡಬೇಡಿ, ದಿನಾ ನಡೀರಿ, ನಿದ್ದೆ ಮಾಡಿ. ಹಣ್ಣು ಸೊಪ್ಪು ತಿನ್ನೋದು ಒಳ್ಳೇದೇ" ಎಂದರು.

"ಗ್ಯಾರಂಟಿ ಐತೇನ್ರಿ?" ವ್ಯಾಪಾರಸ್ಥರು ಬೇರೇನು ಕೇಳುತ್ತಾರೆ?

"ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ ಯಜಮಾನ್ರೆ. ಸಹಾಯ ಆಗಬಹುದು, ಅಷ್ಟೇ."

ಈ ಸಲದ 'ಬಹುದು' ಮಾಮನಿಗೆ ಸರಿಯಾಗಿ ಕೇಳಿಸಿತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನೇರಳೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಏನಾದರೂ ತಮಾಷೆ ಮಾಡಬೇಕೆಂದು ಹುಡುಕುತ್ತಿದ್ದೆ, ಹೊಳೆಯಲಿಲ್ಲ.

"ಅವ್ವ ಮೊದಲನೇ ಸಲ ನನ್ನ ನೋಡಿ ಯಾರಪ್ಪಾ ನೀನು ಅಂದಾಗ ನಾನು ಬೈದೆ ಕಣವ್ವ" ಎಂದರು ಮಾಮ. "ಹೆತ್ತ ಮಗ ಗೊತ್ತಾಗಲ್ವಾ ಅಂತ ಕೂಗಾಡಿದೆ. ಅವ್ವ ಹೆದರಿ ಗೋಡೆ ಕಡೆ ತಿರುಗಿ ಕೂತ್ಕಂಡ್ಲು. ಇದನ್ನ ನಾನು ಯಾರಿಗೂ ಹೇಳಿಲ್ಲ."

ನಾನು ಅವರ ಹತ್ತಿರಕ್ಕೆ ಸರಿದು ಕೂತೆ.

"ನಾಳೆ ನಾನೂ ನಿನ್ನ ಯಾರು ಅಂತ ಕೇಳಿದ್ರೆ ಬೈಬ್ಯಾಡ. ನೀನ್ಯಾರು ಅಂತ ಹೇಳು, ಸಾಕು."

"ಹೇಳ್ತೀನಿ ಮಾಮ."

"ಈಗ ಹೇಳಿ ತೋರ್ಸು. ನೀನ್ಯಾರವ್ವ?"

ನಗು ಬರುತ್ತದೆ ಅಂದುಕೊಂಡೆ, ಬರಲಿಲ್ಲ. "ನಾನು ನಿಮ್ಮ ಅಕ್ಕನ ಮಗಳು ಮಾಮ" ಎಂದೆ, ಬಸ್ಸುಗಳ ಸದ್ದಿನಲ್ಲಿ ಕೇಳಿಸಲೆಂದು ಜೋರಾಗಿ.

ಮಾಮ ತಲೆಯಾಡಿಸಿದರು. "ಅಷ್ಟು ಜೋರಾಗಿ ಬ್ಯಾಡವ್ವ. ಹಂಗೆ ಕೇಳೋ ದಿನ ನನಗೆ ಹೆದರಿಕೆ ಆಗಿರ್ತೈತೆ."

ಅವರ ಕೈ ಹಿಡಿದುಕೊಂಡು, ಕಿವಿಯ ಹತ್ತಿರ ಬಗ್ಗಿ ಮತ್ತೊಮ್ಮೆ ಹೇಳಿದೆ, ಮೆತ್ತಗೆ.